ಮೂರಡಿಗೆ ಟೇಪು ಸುತ್ತಿದ ಲೆನ್ಸ್

ನನ್ನ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಅವ್ವ ಹೇಳುತ್ತಿದ್ದಳು. ನನ್ನನ್ನು ಕೇಳಿದರೆ ಅದು ಇರುವುದು ಬಲಗೈಯಲ್ಲಿ. ಮಾಸೂರಿನ ಮದಗದ ಕೆರೆಯ ಏರಿಯ ಮೇಲೆ ಒಂದು ಬೆಳಿಗ್ಗೆ ಟ್ರೈಪಾಡನ್ನು ಕಲ್ಲಿಗೆ ಬಡಿಬಡಿದು ಅದರ ಮೂರೂ ಕಾಲು ಮುರಿದಿದ್ದೇನೆ. ಅದೇನೂ ತಪ್ಪು ಮಾಡಿರಲಿಲ್ಲ. ನಾನು ಕಾಯುತ್ತಿದ್ದ ಬೆಳಕು ಬರಲಿಲ್ಲ, ಅಷ್ಟೆ. ಮದುವೆಯಾದ ವಾರದಲ್ಲೇ ಕಪಾಟಿನ ಗಾಜು ಗುದ್ದಿ ಒಡೆದು ಮೊಣಕೈಗೆ ಹೊಲಿಗೆ ಹಾಕಿಸಿಕೊಂಡಿದ್ದೇನೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮುಂದಿನದು ಅರ್ಥವಾಗಬೇಕಾದರೆ ಈ ಕೈಯ ಪರಿಚಯ ಮೊದಲು ಆಗಬೇಕು.

ನಾನು ಹಾನಗಲ್ಲಿನಲ್ಲಿ ಕಾಲೇಜು ಹುಡುಗರಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಹುಟ್ಟಿ ಬೆಳೆದದ್ದು ಸವಣೂರಿನಲ್ಲಿ, ವೈಷ್ಣವರ ಮನೆಯಲ್ಲಿ. ಅಜ್ಜ ಪುರಾಣದ ಪೋಥಿ ಓದುತ್ತಿದ್ದ, ಅಪ್ಪ ಸಂಸ್ಕೃತದ ಮಾಸ್ತರ, ನಾನು ಬೆಳಕು ಮತ್ತು ಮಸೂರಗಳ ಪಾಠದವನು. ಮೂರು ತಲೆಮಾರಿಗೂ ಇರುವ ರೋಗ ಒಂದೇ: ಬರೆದಿಟ್ಟದ್ದು ಸುಳ್ಳಾಗಲಾರದು. ಎದುರಿಗೆ ಬೇರೆಯೇ ಕಂಡರೆ ಅದು ಕಣ್ಣಿನ ದೋಷ ಎನ್ನುವ ಜನ ನಾವು.

ರಜೆ ಬಂದರೆ ಕ್ಯಾಮೆರಾ ಹೊತ್ತು ಹೊಲ, ಕೆರೆ, ಗುಡ್ಡ ತಿರುಗುವುದು ನನ್ನ ಹುಚ್ಚು. ನನ್ನ ಹತ್ತಿರ ಇದ್ದದ್ದು ಬಹಳ ಅಗಲಕ್ಕೆ ನೋಡುವ ವೈಡ್ ಲೆನ್ಸ್. ಕಾಲ ಬುಡದ ಕೂಳೆಯಿಂದ ಹಿಡಿದು ಬಾನಂಚಿನ ಗುಡ್ಡದವರೆಗೆ ಎಲ್ಲವನ್ನೂ ಅದು ಒಂದೇ ಚೌಕಟ್ಟಿನಲ್ಲಿ ತುಂಬಿಕೊಳ್ಳುತ್ತದೆ. ಕಷ್ಟವೂ ಅಲ್ಲೇ ಇದೆ. ಫೋಕಸ್ಸನ್ನು ಕ್ಯಾಮೆರಾಕ್ಕೆ ಬಿಟ್ಟರೆ ಅದು ಯಾವುದೋ ಹುಲ್ಲುಕಡ್ಡಿ ಹಿಡಿದು ಗುಡ್ಡವನ್ನು ಬಿಡುತ್ತದೆ, ಇಲ್ಲವೇ ಗುಡ್ಡ ಹಿಡಿದು ಹುಲ್ಲು ಬಿಡುತ್ತದೆ. ಅಂಗೈಯಗಲದ ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುವುದರಿಂದ ಮೋಸ ಗೊತ್ತಾಗುವುದು ಮನೆಗೆ ಬಂದ ಮೇಲೆ. ಕೈಯಿಂದ ತಿರುಗಿಸೋಣವೆಂದರೆ ಲೆನ್ಸಿನ ಫೋಕಸ್ ಬಳೆಯ ಮೇಲೆ ಮೂರಡಿಯ ಗುರುತಿಗೂ ಅನಂತದ ಗುರುತಿಗೂ ನಡುವೆ ಒಂದು ಉಗುರಿನಷ್ಟು ಜಾಗ. ಬೆರಳು ತಾಗಿದರೆ ಸಾಕು, ಸರಿದುಬಿಡುತ್ತದೆ.

ಇದಕ್ಕೆ ಪುಸ್ತಕದಲ್ಲಿ ಸೂತ್ರವಿದೆ. ಲೆನ್ಸಿನ ಅಳತೆ, ಬೆಳಕು ಬರುವ ಕಿಂಡಿಯ ಅಳತೆ, ಎಷ್ಟು ಮಸುಕನ್ನು ಕಣ್ಣು ಸಹಿಸುತ್ತದೆ ಎನ್ನುವ ಒಂದು ಅಂಕಿ, ಈ ಮೂರನ್ನು ಹಾಕಿ ಲೆಕ್ಕ ಮಾಡಿದರೆ ಒಂದು ದೂರ ಸಿಗುತ್ತದೆ. ಅಲ್ಲಿಗೆ ಫೋಕಸ್ ನಿಲ್ಲಿಸಿದರೆ ಹತ್ತಿರದ ಕಲ್ಲೂ ದೂರದ ಗುಡ್ಡವೂ ಸ್ಪಷ್ಟ. ನನ್ನ ಲೆನ್ಸಿಗೆ ಆ ದೂರ ಮೂರಡಿ ಬಂತು. ಮೂರಡಿಗೆ ತಿರುಗಿಸಿ, ಬಳೆ ಅಲ್ಲಾಡದಂತೆ ಕರಿ ಟೇಪು ಸುತ್ತಿಬಿಟ್ಟೆ. ಎರಡು ವರ್ಷ ಅದನ್ನು ಬಿಚ್ಚಲಿಲ್ಲ.

ನನ್ನ ಜೊತೆ ಬರುತ್ತಿದ್ದವನು ಸವಣೂರಿನ ಗೆಳೆಯ. ಒಂದೇ ಓಣಿಯಲ್ಲಿ ಆಡಿದವರು ನಾವು. ಅವನದು ವಾಚು ರಿಪೇರಿ ಅಂಗಡಿ, ಅವರ ಅಪ್ಪನ ಕಾಲದ್ದು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟಿಗೆಯಿಂದ ಎತ್ತಿ ಕೂರಿಸುವ ಅವನ ಕೈ ಸುತ್ತಲ ನಾಲ್ಕು ತಾಲೂಕಿಗೆ ಗೊತ್ತು. ಅದೇ ಕೈ ಹರೆಯದಲ್ಲಿ ಹೋರಿ ಹಿಡಿಯುತ್ತಿತ್ತು. ದೀಪಾವಳಿ ಕಳೆದ ಮೇಲೆ ನಮ್ಮ ಊರುಗಳಲ್ಲಿ ಹೋರಿ ಬೆದರಿಸುತ್ತಾರೆ. ಕೊಯ್ದ ಹೊಲದಲ್ಲಿ ಉದ್ದಕ್ಕೆ ಹಾದಿ ಬಿಟ್ಟು, ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಒಂದು ತುದಿಯಿಂದ ಬಿಡುತ್ತಾರೆ. ಎರಡೂ ಬದಿಗೆ ನಿಂತ ಗಂಡಸರು ಅದರ ಮೇಲೆ ಬಿದ್ದು ಕೊಬ್ಬರಿ ಹರಿದುಕೊಳ್ಳಬೇಕು. ಪಕ್ಕೆಲುಬು ಮುರಿಯುತ್ತವೆ, ಹೊಟ್ಟೆ ಹರಿಯುತ್ತದೆ, ಹೆಣ ಬಿದ್ದದ್ದೂ ಉಂಟು. ಮುಂದಿನ ವಾರ ಪಕ್ಕದ ಊರಿನಲ್ಲಿ ಮತ್ತೆ ಅಷ್ಟೇ ಜನ.

ನನಗೆ ಬೇಕಿದ್ದುದು ಹೋರಿಯಲ್ಲ, ಅದು ಓಡುವ ನೆಲ. ಮುಂದೆ ಗೋವಿನಜೋಳದ ಕೂಳೆ, ನಡುವೆ ಹಾದಿ ಮತ್ತು ಧೂಳು, ಹಿಂದೆ ಗುಡ್ಡ, ಮೇಲೆ ಮೋಡ. ಕೂಳೆ ದೊಡ್ಡದಾಗಿ ಬರಬೇಕಾದರೆ ಕ್ಯಾಮೆರಾವನ್ನು ಮೊಣಕಾಲೆತ್ತರಕ್ಕೆ ಇಳಿಸಿ ಹಾದಿಯ ಅಂಚಿಗೇ ಕೂರಬೇಕು. ಅಲ್ಲಿ ಪ್ರಾಣಕ್ಕೇ ಸಂಚಕಾರ. ವೈಡ್ ಲೆನ್ಸಿನಲ್ಲಿ ಹತ್ತಿರದ್ದೂ ದೂರ ಕಾಣುತ್ತದೆ. ಹತ್ತು ಮಾರಿನಲ್ಲಿರುವ ಹೋರಿ ಪರದೆಯ ಮೇಲೆ ಮೇಕೆಮರಿಯಷ್ಟಿರುತ್ತದೆ. ಅದಕ್ಕೇ ಹೋರಿ ಹಬ್ಬದ ಫೋಟೋದವರಲ್ಲಿ ಒಂದು ರೂಢಿ: ಒಬ್ಬ ಕ್ಯಾಮೆರಾ ನೋಡಿದರೆ ಇನ್ನೊಬ್ಬ ಹಿಂದಿನಿಂದ ಅವನ ಬೆಲ್ಟು ಹಿಡಿದು ಹೋರಿ ನೋಡುತ್ತಾನೆ. ನನ್ನ ಬೆಲ್ಟು ಗೆಳೆಯನ ಕೈಯಲ್ಲಿ.

"ಒಮ್ಮಿ ಜಗ್ಗಿದ್ರ ಹಿಂದ ಸರಿ," ಎಂದು ಮೊದಲ ದಿನವೇ ಹೇಳಿದ್ದ. "ಎರಡ ಸಲ ಜಗ್ಗಿದ್ರ ಕ್ಯಾಮೆರಾ ಅಲ್ಲೇ ಒಗದು ಓಡು. ಯಾಕ ಅಂತ ಕೇಳ್ಕೊಂತ ಕೂಡಬ್ಯಾಡ, ಮಾಸ್ತರ."

ಆ ವರ್ಷ ಹಾನಗಲ್ಲಿನಲ್ಲಿ ಒಬ್ಬರು ಹೊಸ ಕಲ್ಯಾಣ ಮಂಟಪ ಕಟ್ಟಿಸಿದರು. ವೇದಿಕೆಯ ಎದುರು ಗೋಡೆಗೆ ಹನ್ನೆರಡಡಿ ಅಗಲದ ಚಿತ್ರ ಬೇಕು, ನಮ್ಮ ಸೀಮೆಯ ನೆಲದ್ದೇ ಆಗಬೇಕು ಎಂದು ನನ್ನನ್ನು ಕೇಳಿದರು. ಅಷ್ಟು ದೊಡ್ಡ ಗೋಡೆ ನನಗೆ ಜನ್ಮದಲ್ಲಿ ಮೊದಲ ಸಲ ಸಿಕ್ಕಿತ್ತು. ಹಿರೇಕೆರೂರಿನ ಕಡೆ ಒಂದು ಹಬ್ಬದಲ್ಲಿ ಇಡೀ ಬೆಳಗು ಕೂತು ತೆಗೆದೆ. ಗೆಳೆಯ ಏಳೆಂಟು ಸಲ ಜಗ್ಗಿದ, ಎರಡು ಸಲ ನನ್ನ ಜೊತೆ ಟ್ರೈಪಾಡೂ ಉರುಳಿತು. ಒಂದು ಚಿತ್ರ ಆರಿಸಿ ಹುಬ್ಬಳ್ಳಿಯಲ್ಲಿ ಮುದ್ರಿಸಿ ತಂದು ಗೋಡೆಗೆ ಹಚ್ಚಿಸಿದೆ.

ಏಣಿ ತೆಗೆದ ಮೇಲೆ ಮಂಟಪದ ಯಜಮಾನರು ಹಿಂದೆ ಸರಿದು ನಿಂತು ನೋಡಿದರು. "ಗುಡ್ಡಕ್ಕ ಏನ ಆಗೇತ್ರಿ ಸರ? ಹತ್ತಿ ಹಿಂಜಿ ಇಟ್ಟಂಗ ಕಾಣ್ತೇತಲ್ರಿ."

ಬಣ್ಣ ಬಳಿಯುತ್ತಿದ್ದವರು ನಕ್ಕರು. ನಿಜವೇ, ಗುಡ್ಡದ ಮೇಲೆ ಒಂದು ಗಿಡವೂ ಗಿಡದಂತಿರಲಿಲ್ಲ. ನನ್ನ ತಲೆಗೆ ರಕ್ತ ಏರಿತು. ಅಲ್ಲೇ ಬಿದ್ದಿದ್ದ ಕಟ್ಟರ್ ಎತ್ತಿ ಚಿತ್ರವನ್ನು ಮೇಲಿನಿಂದ ಕೆಳಗೆ ಸೀಳಿದೆ. ಇನ್ನೊಂದು ಸಲ ಸೀಳಲು ಹೋದಾಗ ಗೆಳೆಯ ಅಡ್ಡ ಬಂದ, ಅವನ ಅಂಗೈ ಕೊಯ್ದಿತು. ರಕ್ತ ಸುರಿಯುತ್ತಿದ್ದರೂ ಅವನು ಹರಿದ ಚಿತ್ರದ ಕೆಳಗಿನ ಅಂಚಿಗೆ ಬಗ್ಗಿದ.

"ನೀ ಜಗ್ಗಿ ಜಗ್ಗಿ ಕೆಡಿಸಿದಿ," ಎಂದು ನಾನು ಕೂಗಿದೆ.

"ತಡಿ ಮಾಸ್ತರ. ಈ ಕೂಳಿ ನೋಡು, ಒಂದೊಂದ ಎಳಿ ಎಣಸಬಹುದು. ನಾ ಜಗ್ಗಿದ್ದಕ್ಕ ಕೆಟ್ಟಿದ್ರ ಇದೂ ಕೆಡಬೇಕಿತ್ತಲ್ಲ? ಗುಡ್ಡಷ್ಟ ಯಾಕ ಕೆಟ್ಟೇತಿ?"

ಇದೇ ಪ್ರಶ್ನೆಯನ್ನು ಹುಡುಗನೊಬ್ಬ ತರಗತಿಯಲ್ಲಿ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ಕ್ಯಾಮೆರಾ ಅಲುಗಿದರೆ ಎಲ್ಲವೂ ಕಲಸಿಹೋಗುತ್ತದೆ. ಹತ್ತಿರದ್ದು ಚೊಕ್ಕವಾಗಿದ್ದು ದೂರದ್ದು ಮಾತ್ರ ಮಸುಕಾದರೆ ತಪ್ಪು ಫೋಕಸ್ಸಿನದು. ಹಾಗೆಂದರೆ ತಪ್ಪು ನನ್ನ ಟೇಪಿನದು, ನನ್ನ ಲೆಕ್ಕದ್ದು. ಅದನ್ನು ಒಪ್ಪಲು ನನ್ನಿಂದಾಗಲಿಲ್ಲ.

"ಇಪ್ಪತ್ತ ವರ್ಷ ಬೆಳಕಿನ ಪಾಠ ಹೇಳೇನಿ. ವಾಚಿನ ಮುಳ್ಳ ತಿರುವವನ ಕಡೆ ಕಲೀಬೇಕೇನು ನಾನು?"

ಅವನ ಮುಖ ಸಣ್ಣದಾಯಿತು. ಕರವಸ್ತ್ರವನ್ನು ಅಂಗೈಗೆ ಸುತ್ತಿಕೊಳ್ಳುತ್ತ, "ನೀ ಓದಿದಾಂವ. ನಿನಗ ಗೊತ್ತಿರ್ತೇತಿ," ಎಂದ. ವ್ಯಂಗ್ಯವಿರಲಿಲ್ಲ. ನನ್ನ ಮಾತನ್ನು ನಿಜವಾಗಿಯೂ ನಂಬಿದ.

ಯಜಮಾನರು ಇನ್ನೊಂದು ಸಲ ನೋಡೋಣ ಎಂದರು. ಎರಡು ವಾರದ ನಂತರ ತಿಳವಳ್ಳಿಯ ಕಡೆ ಒಂದು ಹಬ್ಬವಿತ್ತು. ಬೆಳಿಗ್ಗೆ ಗುಡ್ಡ ಸ್ವಚ್ಛವಾಗಿ ಕಾಣುತ್ತಿತ್ತು. ಹಾದಿಯ ಅಂಚಿನಲ್ಲಿ ಟ್ರೈಪಾಡಿನ ಕಾಲನ್ನು ಮಣ್ಣಿಗೆ ಗುದ್ದಿ ಕೂರಿಸಿ, ಗೆಳೆಯನಿಗೆ, "ಇವತ್ತ ಮುಟ್ಟಬ್ಯಾಡ," ಎಂದೆ.

"ಮುಟ್ಟಲಾರದ ಹೆಂಗ ಉಳಸ್ಲಿ ನಿನ್ನ?" ಎನ್ನುತ್ತ ಅವನು ಎಂದಿನಂತೆ ಬೆಲ್ಟು ಹಿಡಿದ.

ಎರಡನೆಯ ಹೋರಿಗೇ ಜಗ್ಗಿದ. ನಾನು ಹಿಂದಕ್ಕೆ ಬಿದ್ದೆ. ಅದೇ ಕ್ಷಣ ಗುಡ್ಡದ ಮೇಲೆ ಬಿದ್ದಿದ್ದ ಬಿಸಿಲು ಹೋಯಿತು. ಹೋರಿ ನಾವಿದ್ದ ಕಡೆ ಬರಲೇ ಇಲ್ಲ, ಆಚೆ ಬದಿಗೆ ಹೊರಳಿತು. ನಾನು ಎದ್ದವನೇ ತಿರುಗಿ ಅವನ ಬಾಯಿಗೆ ಗುದ್ದಿದೆ. ಗುದ್ದಿದ ಬೆರಳಿನ ಗೆಣ್ಣಿಗೆ ಹಲ್ಲು ಮುರಿದದ್ದು ಗೊತ್ತಾಯಿತು. ಅವನ ಬಿಳಿ ಅಂಗಿಯ ಮೇಲೆ ರಕ್ತ ಇಳಿಯಿತು. ಪಕ್ಕದಲ್ಲಿದ್ದ ನಾಲ್ಕೈದು ಜನ ನನ್ನ ಕೊರಳಪಟ್ಟಿಗೆ ಕೈ ಹಾಕಿದರು. ಒಬ್ಬ ನನ್ನ ಬೆನ್ನಿಗೆ ಒದ್ದ.

"ಬಿಡ್ರಿ, ಬಿಡ್ರಿ ಅವನ್ನ," ಎಂದು ಗೆಳೆಯನೇ ಅವರನ್ನು ತಳ್ಳಿದ. "ಇದು ನಮ್ಮ ನಮ್ಮೊಳಗಿಂದು. ಅವನ ಫೋಟೋ ಕೆಡಿಸೇನಿ ನಾನು." ಮುರಿದ ಹಲ್ಲನ್ನು ಕೂಳೆಯೊಳಗೆ ಉಗಿದು ನನ್ನ ಕಡೆ ನೋಡಿದ. "ಆತು. ಮುಟ್ಟೂದಿಲ್ಲ."

ಎರಡು ಮಾರು ಬಲಕ್ಕೆ ಸರಿದು ನಿಂತ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಬದಲಿಗೆ ಹಾಯೆನಿಸಿತು. ಕ್ಯಾಮೆರಾಕ್ಕೆ ಯಾರ ಕೈಯೂ ತಾಗದಂತೆ, ವೈರು ಹಚ್ಚಿದ ಗುಂಡಿ ಒತ್ತಿ ನಾಲ್ಕು ಚಿತ್ರ ತೆಗೆದೆ. ಇಷ್ಟು ನೆಮ್ಮದಿಯಾಗಿ ಎಂದೂ ತೆಗೆದಿಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಮುಂದಿನ ಹೋರಿ ಬಿಟ್ಟಾಗ ನಾನು ಪರದೆಯಲ್ಲೇ ಮುಳುಗಿದ್ದೆ. ಮೋಡ ಸರಿದು ಗುಡ್ಡಕ್ಕೆ ಬಿಸಿಲು ಬೀಳುವುದರಲ್ಲಿತ್ತು. ಹೋರಿ ಇನ್ನೂ ಮೇಕೆಮರಿಯಷ್ಟೇ ಇತ್ತು, ಇನ್ನೂ ದೂರ, ಇನ್ನೂ ಸ್ವಲ್ಪ ಬರಲಿ ಎಂದು ಕಾದೆ. ಜನ ಕೂಗುತ್ತಿದ್ದರು. ಅಲ್ಲಿ ಜನ ಕೂಗದೇ ಇರುವುದು ಯಾವಾಗ? ಗುಂಡಿ ಒತ್ತಿದೆ. ಅಷ್ಟರಲ್ಲಿ ಪಕ್ಕೆಗೆ ಏನೋ ಅಪ್ಪಳಿಸಿ ಕೂಳೆಯ ಮೇಲೆ ಮುಖ ಅಡಿಯಾಗಿ ಬಿದ್ದೆ. ಅಪ್ಪಳಿಸಿದ್ದು ಹೋರಿಯಲ್ಲ, ಗೆಳೆಯನ ಭುಜ.

ಕತ್ತೆತ್ತಿದಾಗ ನಾನು ಕೂತಿದ್ದ ಜಾಗದಲ್ಲಿ ಅವನಿದ್ದ. ಹೋರಿ ಅವನನ್ನು ಹಾದಿಗೆ ಹುಗಿದ ಕಂಬಕ್ಕೆ ಒತ್ತಿ ಹಿಡಿದಿತ್ತು. ಕೋಡು ಮೊಣಕಾಲಿನ ಮೇಲೆ ಒಳಹೊಕ್ಕಿತ್ತು. ಅದು ತಲೆ ಎತ್ತಿದಾಗ ಅವನೂ ಜೊತೆಗೆ ಮೇಲೆದ್ದ, ತಲೆ ಕೊಡವಿದಾಗ ಕೆಳಗೆ ಬಿದ್ದ. ಹೋರಿ ತಿರುಗಿ ಬಂದು ಅದೇ ಕಾಲನ್ನು ತುಳಿಯಿತು. ಹಸಿ ಕಟ್ಟಿಗೆ ಮುರಿದ ಸದ್ದು. ಕೊಬ್ಬರಿ ಸರ ಹರಿದು ಅವನ ಎದೆಯ ಮೇಲೆ ಚೆಲ್ಲಿತು. ಆಗಲೂ ಇಬ್ಬರು ಹುಚ್ಚರು ಬಗ್ಗಿ ಕೊಬ್ಬರಿ ಆರಿಸಿಕೊಂಡರು. ನಾನು ಒಬ್ಬನ ಮುಖಕ್ಕೆ ಒದ್ದೆ. ಗೆಳೆಯನ ಕಾಲು ಯಾವ ಕಾಲೂ ಮಡಚದ ದಿಕ್ಕಿಗೆ ಮಡಚಿತ್ತು. ನನ್ನ ಬೆಲ್ಟು ಬಿಚ್ಚಿ ತೊಡೆಗೆ ಬಿಗಿದೆ, ಆದರೂ ಬಿಸಿ ರಕ್ತ ನನ್ನ ಕೈ ಮೇಲೆ ಹರಿಯುತ್ತಲೇ ಇತ್ತು.

ಹಾನಗಲ್ಲಿನಲ್ಲಿ ಪಟ್ಟಿ ಕಟ್ಟಿ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಶಿಗ್ಗಾಂವಿಯ ಹತ್ತಿರ ಹೆದ್ದಾರಿಯಲ್ಲಿ ಲಾರಿಯೊಂದು ಅಡ್ಡ ನಿಂತು ಆಂಬುಲೆನ್ಸ್ ಕದಲಲಿಲ್ಲ. ನಾನು ಇಳಿದು ಲಾರಿಯ ಬಾಗಿಲು ತೆಗೆದು ಡ್ರೈವರನನ್ನು ಕೊರಳು ಹಿಡಿದು ಕೆಳಗೆಳೆದೆ. ಅವನೂ ಬಿಡಲಿಲ್ಲ, ನನ್ನ ಕಿವಿಯ ಮೇಲೆ ಎರಡು ಬಾರಿಸಿದ. ಅವನ ಏಟು ನ್ಯಾಯವಾದದ್ದೇ. ಲಾರಿಯ ಚಕ್ರ ಪಂಕ್ಚರ್ ಆಗಿತ್ತು.

ಹುಬ್ಬಳ್ಳಿಯಲ್ಲಿ ಅವನನ್ನು ಒಳಗೆ ಒಯ್ದ ಮೇಲೆ ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಯಾರೋ ಪುಣ್ಯಾತ್ಮರು ಕ್ಯಾಮೆರಾವನ್ನೂ ಆಂಬುಲೆನ್ಸಿಗೆ ಹಾಕಿದ್ದರು. ಸುಮ್ಮನೆ ಕೂರಲಾಗದೆ ತೆಗೆದು ನೋಡಿದೆ. ಯಾರೂ ಮುಟ್ಟದ, ಯಾರೂ ಜಗ್ಗದ ಆ ನಾಲ್ಕು ಚಿತ್ರಗಳನ್ನು ಹಿಗ್ಗಿಸಿದೆ. ಕೂಳೆ ಚೊಕ್ಕ. ಗುಡ್ಡ ಹಿಂಜಿದ ಹತ್ತಿ.

ಆಗ ಒಪ್ಪದೇ ಗತಿಯಿರಲಿಲ್ಲ. ಪುಸ್ತಕದ ಸೂತ್ರ ಸುಳ್ಳಲ್ಲ. ಆದರೆ ಕಣ್ಣು ಸಹಿಸುವ ಮಸುಕಿನ ಅಂಕಿ ಇದೆಯಲ್ಲ, ಅದು ಕೈಯಲ್ಲಿ ಹಿಡಿದು ನೋಡುವ ಸಣ್ಣ ಚಿತ್ರದ ಅಂಕಿ. ಹನ್ನೆರಡಡಿಗೆ ಹಿಗ್ಗಿಸಿದರೆ ಮಸುಕೂ ಜೊತೆಗೆ ಹಿಗ್ಗುತ್ತದೆ. ಗೋಡೆಯ ಚಿತ್ರಕ್ಕೆ ಫೋಕಸ್ಸನ್ನು ಗುಡ್ಡದ ಕಡೆಗೇ ಒಯ್ಯಬೇಕಿತ್ತು, ಕೂಳೆಗೆ ಬೇರೊಂದು ಚಿತ್ರ ತೆಗೆದು ಎರಡನ್ನೂ ಕೂಡಿಸಬೇಕಿತ್ತು. ಇದನ್ನು ನಾನೇ ಪಾಠ ಹೇಳುತ್ತೇನೆ. ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದೆ. ಆಸ್ಪತ್ರೆಯ ಬಚ್ಚಲಿಗೆ ಹೋಗಿ ಲೆನ್ಸನ್ನು ನೆಲಕ್ಕೆ ಅಪ್ಪಳಿಸಿದೆ, ಗಾಜು ಪುಡಿಯಾಗುವವರೆಗೆ ಅಪ್ಪಳಿಸಿದೆ. ಆಯಾ ಬಂದು ಬೈದಳು. ಚೂರು ಬಳಿದು ಹಾಕಿ ಹೊರಗೆ ಬಂದೆ.

ಕಾಲು ಉಳಿಯಿತು, ಮಂಡಿ ಮಡಚಲಿಲ್ಲ. ಈಗ ಅವನು ಕೋಲು ಹಿಡಿದು ನಡೆಯುತ್ತಾನೆ, ಕುರ್ಚಿಯ ಮೇಲೆ ಕೂತು ನಮಾಜು ಮಾಡುತ್ತಾನೆ.

ನಾನು ವಾರಕ್ಕೆ ಎರಡು ಮೂರು ಸಲ ಸವಣೂರಿಗೆ ಹೋಗುತ್ತಿದ್ದೆ. ಔಷಧ ತರುತ್ತಿದ್ದೆ, ಅವನ ಹೆಂಡತಿ ಮಾಡಿದ ಚಹಾ ಕುಡಿಯುತ್ತಿದ್ದೆ. ನೋಡಲು ಬಂದವರಿಗೆಲ್ಲ ಅವನು ಒಂದೇ ಮಾತು ಹೇಳುತ್ತಿದ್ದ. "ತಪ್ಪು ನಂದರಿ. ನನ್ನ ಕೈ ಸುಮ್ಮನ ಇರಲಿಲ್ಲ. ಅವನ ಚಲೋ ಫೋಟೋ ಕೆಡಿಸಿದೆ. ಅವಗ ಸಿಟ್ಟು ಬಂತು. ಸಿಟ್ಟ ಬಂದ್ರೂ ನಾ ಬೆಲ್ಟ ಬಿಡಬಾರದಿತ್ತು." ಅವನ ಅಮ್ಮಿ ಹಣೆ ಹಣೆ ಬಡಿದುಕೊಂಡು ಅವನನ್ನೇ ಬೈಯುತ್ತಿದ್ದಳು. ನಾನು ಪಕ್ಕದಲ್ಲಿ ಚಹಾದ ಬಸಿ ಹಿಡಿದು ಕೂತಿರುತ್ತಿದ್ದೆ. ಇವತ್ತು ಹೇಳೋಣ ಎಂದುಕೊಂಡೇ ಹೋಗುತ್ತಿದ್ದೆ, ಹೇಳದೆ ಬರುತ್ತಿದ್ದೆ. ಹೊಡೆಯುವ ಧೈರ್ಯ ನನಗೆ ಯಾವಾಗಲೂ ಇತ್ತು. ಈ ಧೈರ್ಯ ಇರಲಿಲ್ಲ.

ಹೀಗೆ ಎಂಟು ತಿಂಗಳು ಕಳೆದವು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಅವನ ಎದುರು ಕೂತಿದ್ದೆ. ಬಂಕಾಪುರದ ಮುದುಕರೊಬ್ಬರು ಕೀಲಿ ಕೊಡುವ ಹಳೆಯ ಕೈಗಡಿಯಾರ ತಂದರು. ಅವನು ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಹಚ್ಚಿ ನೋಡಿದ, ಹಾಗೆಯೇ ಮುಚ್ಚಿ ವಾಪಸ್ ಕೊಟ್ಟ.

"ಹುಬ್ಬಳ್ಳಿಗೆ ಒಯ್ರಿ ಚಾಚಾ. ಇದು ನಾಜೂಕ ಕೆಲಸ. ನನ್ನ ಕೈ ಮೊದಲಿನಂಗ ಇಲ್ಲ, ಮುಟ್ಟಿದ್ದೆಲ್ಲಾ ಕೆಡತೇತಿ."

ಮುದುಕರು ಅಂಗಡಿ ಇಳಿದರು. ನಾನು ಅವನ ಕೈ ನೋಡಿದೆ. ಗಾಯವೂ ಇರಲಿಲ್ಲ, ನಡುಕವೂ ಇರಲಿಲ್ಲ.

"ಯಾವಾಗಿಂದ ಹಿಂಗ ವಾಪಸ್ ಕಳಸಾಕತ್ತಿ?" ಎಂದು ಕೇಳಿದೆ.

"ಅವತ್ತಿಂದ," ಎಂದ. "ಬೆಲ್ಟು ಪಟ್ಟಾ ಹಾಕಿ ಕೊಡ್ತೇನಿ. ಒಳಗಿನ ಕೆಲಸಕ್ಕ ಕೈ ಹಚ್ಚೂದಿಲ್ಲ."

ಮೊಬೈಲಿನಲ್ಲಿಟ್ಟುಕೊಂಡಿದ್ದ ಆ ನಾಲ್ಕು ಚಿತ್ರಗಳನ್ನು ತೆಗೆದು ಅವನ ಮುಂದಿಟ್ಟೆ. ಇವು ನೀನು ದೂರ ನಿಂತಾಗ ತೆಗೆದವು, ಗುಡ್ಡ ಇಲ್ಲಿಯೂ ಕೆಟ್ಟಿದೆ, ನಿನ್ನ ಕೈಯಿಂದ ಏನೂ ಕೆಟ್ಟಿಲ್ಲ, ಕೆಟ್ಟದ್ದು ನನ್ನ ಲೆಕ್ಕ ಎಂದು ಒಂದೇ ಉಸಿರಿಗೆ ಹೇಳಿದೆ. ಮಂಟಪದಲ್ಲಿ ನೀನು ಕೇಳಿದ್ದು ಸರಿಯಾಗಿತ್ತು ಎಂದೂ ಹೇಳಿದೆ. ಅವನು ಚಿತ್ರಗಳನ್ನು ಹಿಂದೆ ಮುಂದೆ ಸರಿಸಿ ನೋಡಿದ.

"ಯಾವತ್ತ ಗೊತ್ತಾತು ನಿನಗ?"

"ಅವತ್ತ. ನೀ ಒಳಗ ಇದ್ದಾಗ, ದವಾಖಾನ್ಯಾಗ."

ಅವನು ಕೋಲೂರಿ ಎದ್ದ. ಗೋಡೆಗೆ ಬೆನ್ನು ಕೊಟ್ಟು ನಿಂತ. ಆಮೇಲೆ ಕೋಲೆತ್ತಿ ಹೊಡೆದ. ಮೊದಲನೆಯದು ಭುಜಕ್ಕೆ, ಎರಡನೆಯದು ಕಿವಿಯ ಮೇಲೆ. ತಲೆಗೆ ಅಡ್ಡ ಹಿಡಿದ ಎಡಗೈಯ ಕಿರುಬೆರಳು ಮೂರನೆಯದಕ್ಕೆ ಮುರಿಯಿತು. ಗಾಜಿನ ಕಪಾಟು ಒಡೆದು ವಾಚುಗಳು ನನ್ನ ಮೇಲೆ ಬಿದ್ದವು. ನಾನು ಬಲಗೈ ಎತ್ತಲಿಲ್ಲ. ಓಣಿಯ ಜನ ಓಡಿ ಬಂದು ಅವನನ್ನು ಹಿಡಿದುಕೊಂಡರು. ಪಾಪ, ಕಾಲು ಹೋದ ಸಿಟ್ಟು ಈಗ ಹೊರಬಿತ್ತು ಎಂದು ಯಾರೋ ಅಂದರು.

"ಕಾಲಿಗಲ್ಲ," ಎಂದು ಅವನು ಕೂಗಿದ. ಅವನ ಬಾಯಿಂದ ಉಗುಳು ಸಿಡಿಯುತ್ತಿತ್ತು. "ಕಾಲು ಹೋರಿ ಮುರೀತು. ಅದಕ್ಕ ಬುದ್ಧಿಯಿಲ್ಲ. ಕೈ ನೀ ಮುರದಿ. ಎಂಟ ತಿಂಗಳ ಇಲ್ಲೇ ಬಂದು ಕುಂತು, ಚಾ ಕುಡ್ಕೊಂತ, ನೋಡ್ಕೊಂತ ಮುರದಿ. ಇಳಿ ನನ್ನ ಅಂಗಡಿ."

ಮುರಿದ ಬೆರಳನ್ನು ಹಿಡಿದುಕೊಂಡು ಇಳಿದೆ. ಜನರನ್ನು ಕೊಡವಿಕೊಂಡು ಅವನು ಕಟ್ಟೆಯ ಅಂಚಿಗೆ ಬಂದು, ನನ್ನನ್ನು ದಾಟಿ ದೂರಕ್ಕೆ, ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದ ಮುದುಕರನ್ನು ಕೂಗಿದ.

"ಚಾಚಾ, ತಿರುಗಿ ಬರ್ರಿ. ಆ ಗಡಿಯಾರ ಇಲ್ಲೇ ಕೊಡ್ರಿ, ನಾ ಮಾಡ್ತೇನಿ."